ಇತ್ತೀಚಿನ ಕನ್ನಡ ಕಾದಂಬರಿಗಳು: ಯಾವುದು ಹಿಡಿಸಿತು, ಯಾಕೆ ಹಿಡಿಸಿತು?

ಬನಶಂಕರಿ ಬಸ್‌ಸ್ಟಾಪ್

ಈಚೆಗೆ ಓದಿದ್ದರಲ್ಲಿ ಯಾವುದು ಚೆನ್ನಾಗಿತ್ತು ಅಂತ ಸ್ನೇಹಿತರು ಕೇಳುತ್ತಲೇ ಇರುತ್ತಾರೆ. ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ ಯಾಕೆ ಚೆನ್ನಾಗಿತ್ತು ಅಂತ ಹೇಳೋಣ ಅನ್ನಿಸಿತು. ವಿಮರ್ಶೆ ಏನಲ್ಲ, ಓದುಗನ ಮಾತು ಅಷ್ಟೆ. ನೀವೂ ನಿಮ್ಮದು ಸೇರಿಸಿ. ಕತೆಯ ಕೊನೆ ಮಾತ್ರ ಬಿಟ್ಟುಕೊಡಬೇಡಿ, ಓದದವರು ಶಾಪ ಹಾಕುತ್ತಾರೆ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರಲ್ಲಿ ಬಂತು. ಆಗಲೇ ಓದಿದ್ದೆ. ಈ ಸಲ ಅವರ ‘ಸಕೀನಾಳ ಮುತ್ತು’ ಮುಗಿಸಿದ ಮೇಲೆ ಅದನ್ನು ಮತ್ತೆ ಕೈಗೆತ್ತಿಕೊಂಡೆ. ಮೊದಲ ಓದಿನಲ್ಲಿ ಅದು ನನಗೆ ದುಡ್ಡಿನ ಕತೆಯಾಗಿತ್ತು. ಚಹಾಪುಡಿ ಮಾರುವ ಸೇಲ್ಸ್‌ಮನ್ ಅಪ್ಪ, ಇರುವೆ ತುಂಬಿದ ಪುಟ್ಟ ಮನೆ, ಆಮೇಲೆ ಚಿಕ್ಕಪ್ಪನ ಸೋನಾ ಮಸಾಲಾ, ದೊಡ್ಡ ಮನೆ, ಮನೆಯವರ ಹೊಸ ವರಸೆ. ಈ ಸಲ ಮಾತ್ರ ಕಣ್ಣು ಕತೆ ಹೇಳುವವನ ಮೇಲೇ ಇತ್ತು. ಅವನಿಗೆ ಹೆಸರೇ ಇಲ್ಲ. ತೋರಿಕೆಗೆ ಒಂದು ಕೆಲಸ, ತಿಂಗಳಾದರೆ ದುಡ್ಡು. ಮಾಡುವುದೇನೂ ಇಲ್ಲ. ಕಾಫಿ ಹೌಸಿನಲ್ಲಿ ಕೂತು ವಿನ್ಸೆಂಟ್ ಅನ್ನುವ ವೇಟರ್ ಆಡುವ ಒಂದೊಂದು ಮಾತಿನಲ್ಲೂ ಏನೋ ದೊಡ್ಡದಿದೆ ಅಂದುಕೊಳ್ಳುತ್ತಾನೆ.

ಅದರಲ್ಲೊಂದು ಪ್ರಸಂಗ. ಈ ಮನೆಯ ಬಾಗಿಲಿಗೆ ಒಬ್ಬ ಹೆಂಗಸು ಬರುತ್ತಾಳೆ. ಚಿಕ್ಕಪ್ಪನನ್ನು ಕೇಳುತ್ತಾಳೆ. ಅವನಿಗೆ ಇಷ್ಟ ಅಂತ ಮಸೂರ್ ಬೇಳೆಯ ಅಡುಗೆ ಮಾಡಿ ಡಬ್ಬಿಯಲ್ಲಿ ತಂದಿದ್ದಾಳೆ. ನಿರೂಪಕನ ಅಮ್ಮ ಮತ್ತು ಸೋದರಿ ಮಾಲತಿ ಸೇರಿ ಬಾಯಿಗೆ ಬಂದಂತೆ ಬೈದು ಅವಳನ್ನು ಅಟ್ಟುತ್ತಾರೆ. ಡಬ್ಬಿ ಬಿದ್ದು ಎಲ್ಲ ಚೆಲ್ಲುತ್ತದೆ, ಘಮ ಎದ್ದೇಳುತ್ತದೆ. ನಮ್ಮ ನಿರೂಪಕ ಇದನ್ನೆಲ್ಲ ನೋಡುತ್ತ ನಿಂತಿರುತ್ತಾನೆ. ಆ ಘಮವನ್ನೂ ಬಿಡದೆ ನಮಗೆ ವರದಿ ಮಾಡುತ್ತಾನೆ. ತಡೆಯುವುದಿಲ್ಲ. ಆಮೇಲೆ ಅವನ ಹೆಂಡತಿ ಅನಿತಾ ಆ ವಿಷಯ ಎತ್ತಿದಾಗ ಇಡೀ ಮನೆಗೆ ಅವಳೇ ತಪ್ಪಿತಸ್ಥೆ. ಇಷ್ಟನ್ನೂ ಎಷ್ಟು ಸಭ್ಯವಾಗಿ, ಎಷ್ಟು ಸಾವಧಾನವಾಗಿ ಹೇಳುತ್ತಾನೆ ಅಂದರೆ, ಅವನ ಬಗ್ಗೆ ನಮಗೆ ಸಿಟ್ಟು ಬರುವ ಹೊತ್ತಿಗೆ ಪುಸ್ತಕ ಮುಗಿಯಲು ಬಂದಿರುತ್ತದೆ.

‘ಸಕೀನಾಳ ಮುತ್ತು’ 2021ರದ್ದು. ವೆಂಕಟ್, ಹೆಂಡತಿ ವಿಜಿ, ಕಾಲೇಜಿಗೆ ಹೋಗುವ ಮಗಳು ರೇಖಾ. ಇಬ್ಬರು ಹುಡುಗರು ಬಂದು ಮನೆ ಬಾಗಿಲು ತಟ್ಟಿ ರೇಖಾಳನ್ನು ಕೇಳುತ್ತಾರೆ, ಅಲ್ಲಿಂದ ಶುರು. ಅವಳು ಊರಿಗೆ ಹೋಗಿದ್ದಾಳೆ, ಅಲ್ಲಿ ಫೋನು ಸಿಗುವುದಿಲ್ಲ. ವೆಂಕಟ್ ವ್ಯಕ್ತಿತ್ವ ವಿಕಸನದ ಪುಸ್ತಕ ಓದಿ ಉದ್ಧಾರವಾದವನು. ತಾನು ಒಳ್ಳೆಯ ಗಂಡ, ಒಳ್ಳೆಯ ಅಪ್ಪ ಅಂತ ಮನಸಾರೆ ನಂಬಿದ್ದಾನೆ. ಓದುತ್ತ ಓದುತ್ತ ನಮಗೆ ಆ ನಂಬಿಕೆ ಅಲುಗಾಡುತ್ತದೆ, ಅವನಿಗೆ ಮಾತ್ರ ಇಲ್ಲ.

ನನಗೆ ಇಂಥ ಕಾದಂಬರಿಗಳೇ ಇಷ್ಟ. ಹೇಳುವವನು ಯಾವುದನ್ನು ಬಾಯಿಬಿಟ್ಟು ಹೇಳುವುದಿಲ್ಲವೋ ಕತೆ ಇರುವುದೇ ಅಲ್ಲಿ. ಇದಕ್ಕೆ ಹೋಲಿಸಿದರೆ ಈಗ ಬರುತ್ತಿರುವ ದಪ್ಪ ದಪ್ಪ ಐತಿಹಾಸಿಕ ಕಾದಂಬರಿಗಳು ಎಲ್ಲವನ್ನೂ ಹೇಳಿಬಿಡುತ್ತವೆ. ವಸುಧೇಂದ್ರರ ‘ತೇಜೋ-ತುಂಗಭದ್ರಾ’ ಓದಿದೆ. ಓದಿಸಿಕೊಂಡಿತು, ಸುಳ್ಳು ಹೇಳುವುದಿಲ್ಲ. ಆದರೆ ಆಗಾಗ ಪಾತ್ರಗಳ ಹಿಂದೆ ಲೇಖಕರ ನೋಟ್ಸು ಪುಸ್ತಕ ಕಾಣುತ್ತದೆ. ನಿಮಗೆ ಏನನ್ನಿಸುತ್ತದೆ?

ನಿದ್ದೆಗೆಟ್ಟವ

ಬಂತಪ್ಪ, ಶುರುವಾಯ್ತು. ಪಾಪ್‌ಕಾರ್ನ್ ತರುತ್ತೇನೆ.

ತುಂಗಭದ್ರೆ ದಂಡೆ

ಬನಶಂಕರಿ ಸರ್, ಶಾನಭಾಗರ ಬಗ್ಗೆ ನಿಮ್ಮ ಮಾತು ಒಪ್ಪಿದೆ. ನೋಟ್ಸು ಪುಸ್ತಕದ ಮಾತು ಒಪ್ಪುವುದಿಲ್ಲ.

ನಾನು ಹೊಸಪೇಟೆಯವನು. ಹಂಪಿ ನಮಗೆ ಮನೆ ಹಿತ್ತಲಿದ್ದಂತೆ. ನೆಂಟರು ಬಂದರೆ ಕರೆದುಕೊಂಡು ಹೋಗಬೇಕು, ಕಲ್ಲಿನ ರಥ ತೋರಿಸಬೇಕು, ಬೀದಿಯಲ್ಲಿ ಮುತ್ತು ರತ್ನ ಅಳೆದು ಮಾರುತ್ತಿದ್ದರು ಅನ್ನಬೇಕು. ಗೈಡುಗಳ ಬಾಯಲ್ಲೂ ಅದೇ. ಆ ಬೀದಿಯಲ್ಲಿ ಬದುಕಿದ ಸಾಮಾನ್ಯ ಜನರ ಗತಿ ಏನಾಗಿತ್ತು ಅಂತ ಯಾರೂ ಹೇಳಿರಲಿಲ್ಲ. ‘ತೇಜೋ-ತುಂಗಭದ್ರಾ’ದಲ್ಲಿ ಲೆಂಕವಾಳಿ ಬರುತ್ತದಲ್ಲ, ರಾಜನಿಗಾಗಿ ಪ್ರಾಣ ಕೊಡುತ್ತೇನೆ ಅಂತ ಮಾಡುವ ಹರಕೆ? ಅದನ್ನು ಓದಿದ ಮೇಲೆ ನಾನು ಹಂಪಿ ನೋಡುವ ರೀತಿಯೇ ಬೇರೆಯಾಯಿತು. ನಮ್ಮ ಕಡೆ ಹೊಲದ ಬದುವಿನಲ್ಲಿ ವೀರಗಲ್ಲು, ಸತಿ ಹೋದವರ ಮಾಸ್ತಿಗಲ್ಲು ಬೇಕಾದಷ್ಟಿವೆ. ಮಾಸ್ತಿಗಲ್ಲಿನಲ್ಲಿ ಬಳೆ ತೊಟ್ಟ ಒಂದು ಕೈ ಮೇಲಕ್ಕೆ ಎತ್ತಿರುತ್ತದೆ. ಚಿಕ್ಕಂದಿನಿಂದ ಅದಕ್ಕೆ ಅರಿಶಿನ ಕುಂಕುಮ ಹಚ್ಚುವುದನ್ನು ನೋಡಿದ್ದೇನೆ. ಆ ಕೈಯ ಹೆಣ್ಣುಮಗಳಿಗೂ ಒಂದು ಹೆಸರಿತ್ತು, ಅವಳಿಗೂ ಸಾಯಲು ಹೆದರಿಕೆ ಆಗಿರಬಹುದು ಅನ್ನುವುದು ಹಂಪಮ್ಮನ ಪಾತ್ರ ಓದಿದಾಗಲೇ ತಲೆಗೆ ಹೋಯಿತು.

ಇನ್ನು ತೇಜೋ ನದಿ ದಡದ ಲಿಸ್ಬನ್ ಭಾಗ. 1497ರಲ್ಲಿ ಪೋರ್ಚುಗಲ್ಲಿನ ಯಹೂದಿಗಳನ್ನು ಬಲವಂತವಾಗಿ ಮತಾಂತರ ಮಾಡಿದರು. 1506ರಲ್ಲಿ ಲಿಸ್ಬನ್ನಿನಲ್ಲಿ ಅವರ ಕಗ್ಗೊಲೆಯೇ ಆಯಿತು. 1510ರಲ್ಲಿ ಅಲ್ಬುಕರ್ಕ್ ಗೋವಾ ಹಿಡಿದ. ಇಷ್ಟು ನನಗೆ ಪಠ್ಯಪುಸ್ತಕದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಇಸವಿಗಳು. ಗೇಬ್ರಿಯಲ್, ಬೆಲ್ಲಾ ಇಬ್ಬರ ಪ್ರೀತಿಯಲ್ಲಿ ಅವು ಒಂದೇ ದಾರ ಆಗುತ್ತವೆ. ಅಲ್ಲಿ ಯಾರದೋ ಮನೆ ಸುಟ್ಟರೆ ಇಲ್ಲಿ ಮೆಣಸಿನ ಹಡಗು ಬರುತ್ತದೆ. ಆ ಹಡಗಿನ ಪ್ರಯಾಣದ ಅಧ್ಯಾಯಗಳನ್ನು ರಾತ್ರಿ ಓದುತ್ತ ನನಗೆ ನಿಜಕ್ಕೂ ಬಾಯಾರಿಕೆ ಆಯಿತು. ಇದಕ್ಕೆಲ್ಲ ವಿವರ ಬೇಕೇ ಬೇಕು ಸರ್. ಬೆಂಗಳೂರಿನ ಕಾಫಿ ಹೌಸು ಹೇಗಿರುತ್ತದೆ ಅಂತ ಶಾನಭಾಗರು ಓದುಗನಿಗೆ ಹೇಳಬೇಕಿಲ್ಲ. ಐನೂರು ವರ್ಷದ ಹಿಂದಿನ ಲಿಸ್ಬನ್ ಹೇಳದಿದ್ದರೆ ಹೇಗೆ ಗೊತ್ತಾಗುತ್ತದೆ?

ತಕರಾರು ನನಗೂ ಇದೆ. ಎರಡು ನದಿಗಳನ್ನು ಸೇರಿಸುವುದಕ್ಕೆ ಕೊನೆ ಕೊನೆಗೆ ಕಾಕತಾಳೀಯ ಸ್ವಲ್ಪ ಜಾಸ್ತಿಯಾಯಿತು. ಆದರೆ ಆ ಹೊತ್ತಿಗೆ ಪಾತ್ರಗಳು ನಮ್ಮವಾಗಿಬಿಟ್ಟಿರುತ್ತವೆ, ಕ್ಷಮಿಸಿಬಿಡುತ್ತೇವೆ. ಅಂದ ಹಾಗೆ ವಸುಧೇಂದ್ರ ಹುಟ್ಟಿದ್ದು ಸಂಡೂರಿನಲ್ಲಿ. ನಮ್ಮ ಕಡೆಯವರು ಅಂತ ಪಕ್ಷಪಾತ ಅನ್ನಬೇಡಿ.

ಹಳೇ ಓದುಗ

ಪಕ್ಷಪಾತವೇ.

ನೀವೆಲ್ಲ ಬೇಜಾರು ಮಾಡಿಕೊಳ್ಳಬೇಡಿ. ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು, ‘ಪರ್ವ’ 1979ರಲ್ಲಿ. ಅವನ್ನು ಓದಿ ಬೆಳೆದವನಿಗೆ ಈಗಿನ ನೂರು ಚಿಲ್ಲರೆ ಪುಟದ ಕಾದಂಬರಿ ಸಂಜೆ ತಿಂಡಿ ಇದ್ದಂತೆ. ಊಟ ಯಾವಾಗ?

ಕಾರ್ಕಳದವಳು

ಊಟ ಬೇಕಿದ್ದರೆ ಬೊಳುವಾರು ಮಹಮದ್ ಕುಂಞಿ ಅವರ ‘ಸ್ವಾತಂತ್ರ್ಯದ ಓಟ’ ಓದಿ ಸರ್. ಸಾವಿರ ಪುಟಕ್ಕೂ ಮೀರಿದ್ದು. 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೇಶ ವಿಭಜನೆಯ ಗಲಾಟೆಯಲ್ಲಿ ಲಾಹೋರಿನ ಕಡೆಯಿಂದ ಓಡಿ ಬಂದ ಚಾಂದಜ್ಜ ನಮ್ಮ ಕರಾವಳಿಯ ಮುತ್ತುಪ್ಪಾಡಿಗೆ ಬಂದು ಸೇರುವ ಕತೆ. ತಟ್ಟೆ ಖಾಲಿ ಮಾಡಿ ಆಮೇಲೆ ಮಾತಾಡೋಣ.

ನನ್ನ ಮೆಚ್ಚಿನದು ಬೇರೆ, ಸ್ವಲ್ಪ ಹಳೆಯದೂ ಹೌದು. ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’. 2009ರಲ್ಲಿ ಬಂದಿದ್ದು. ಲಾಕ್‌ಡೌನಿನಲ್ಲಿ ಮೊದಲ ಸಲ ಓದಿದೆ, ಈಚೆಗೆ ಮತ್ತೊಮ್ಮೆ.

ನಮ್ಮದು ಕೊಂಕಣಿ ಮಾತಾಡುವ ಮನೆ. ಪೋರ್ಚುಗೀಸರ ಕಾಟ ತಡೆಯಲಾರದೆ ಗೋವಾ ಬಿಟ್ಟು ಬಂದವರು ನಾವು ಅಂತ ಹಿರಿಯರು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಿದ್ದರು. ಗೋವಾಕ್ಕೆ ಕುಲದೇವರ ದರ್ಶನಕ್ಕೆ ಹೋದರೆ ಎಲ್ಲ ದೇವಸ್ಥಾನಗಳೂ ಪೋಂಡಾ ಸುತ್ತಮುತ್ತಲೇ ಯಾಕಿವೆ ಅಂತ ನನಗೆ ಚಿಕ್ಕಂದಿನಲ್ಲಿ ಗೊತ್ತಿರಲಿಲ್ಲ. ಮ್ಹಾಲ್ಸಾ ದೇವಿ ವೆರ್ಣದಿಂದ ಮಾರ್ದೋಳಕ್ಕೆ ಬಂದಳು. ಮಂಗೇಶ ಕುಶಸ್ಥಳಿಯಿಂದ ಪ್ರಿಯೋಳಕ್ಕೆ ಬಂದ. ದೇವರುಗಳೇ ಹೊಳೆ ದಾಟಿ ಓಡಿ ಬಂದಿದ್ದು. ಹೊಳೆಯ ಆಚೆ ಆಗ ಪೋರ್ಚುಗೀಸರ ಆಳ್ವಿಕೆ ಇರಲಿಲ್ಲ. ಇದು ಇತಿಹಾಸದ ಪುಸ್ತಕದಲ್ಲೂ ಸಿಗುತ್ತದೆ. ಆದರೆ ಊರು ಬಿಡುವ ದಿನ ಏನೇನು ಕಟ್ಟಿಕೊಂಡರು, ಯಾವುದನ್ನು ಬಿಟ್ಟರು, ಮುದುಕರು ಬರುವುದಿಲ್ಲ ಅಂತ ಹಟ ಹಿಡಿದರೆ ಏನು ಮಾಡಿದರು, ಹೊಸ ಊರಿನಲ್ಲಿ ಯಾರ ಹತ್ತಿರ ಜಾಗ ಕೇಳಿದರು? ಇದನ್ನೆಲ್ಲ ತಿಳಿಯಬೇಕಾದರೆ ಕಾದಂಬರಿಯನ್ನೇ ಓದಬೇಕು. ನಾಗ್ಡೋ ಬೇತಾಳ ಅನ್ನುವ ವಿಚಿತ್ರ ಪಾತ್ರ ಒಂದಿದೆ. ಅವನು ಮನುಷ್ಯನೋ ದೈವವೋ ನಂಬಿಕೆಯೋ ಅಂತ ತೀರ್ಮಾನ ಮಾಡಲು ಲೇಖಕರು ಹೋಗುವುದೇ ಇಲ್ಲ. ಬನಶಂಕರಿಯವರೇ, ಇಲ್ಲೂ ಬಾಯಿಬಿಡದ ವಿಷಯ ಇದೆ ನೋಡಿ!

ಪಾತ್ರಗಳು ಜಾಸ್ತಿ, ತಲೆಮಾರುಗಳು ಜಾಸ್ತಿ. ನಾನು ಒಂದು ಕಾಗದದಲ್ಲಿ ವಂಶವೃಕ್ಷ ಬರೆದುಕೊಂಡು ಪುಸ್ತಕದ ಒಳಗೇ ಇಟ್ಟುಕೊಂಡಿದ್ದೆ. ನಡುವೆ ಕೆಲವು ಕಡೆ ನಿಧಾನ. ದಾಟಿಕೊಂಡು ಹೋಗಬೇಕು.

ಇನ್ನೊಂದು ಮಾತು. ‘ಘಾಚರ್ ಘೋಚರ್’ ನಿರೂಪಕನ ಮೇಲೆ ಸಿಟ್ಟು ಬರಲು ಕೊನೆಯವರೆಗೆ ಕಾಯಬೇಕಾಯಿತು ಅಂದಿರಿ. ನಮಗೆ, ಅಂದರೆ ಮದುವೆಯಾಗಿ ಇನ್ನೊಂದು ಮನೆಗೆ ಹೋದವರಿಗೆ, ಅಷ್ಟು ಹೊತ್ತು ಬೇಕಾಗಲಿಲ್ಲ. ಅತ್ತೆ, ನಾದಿನಿ ಮಾತಾಡುವಾಗ ಪೇಪರ್ ಓದುತ್ತ ಕೂರುವ ಗಂಡ ನಮಗೇನು ಹೊಸಬನಾ? ಅನಿತಾ ಬಾಯಿಬಿಟ್ಟ ಕೂಡಲೇ ಅವಳಿಗೆ ಏನೋ ಕಾದಿದೆ ಅಂತ ನನಗೆ ಹೆದರಿಕೆ ಶುರುವಾಗಿತ್ತು.

ನಿದ್ದೆಗೆಟ್ಟವ

ಈ ಉತ್ತರವನ್ನು ನನ್ನ ಹೆಂಡತಿಗೆ ತೋರಿಸುವುದಿಲ್ಲ.

ಬನಶಂಕರಿ ಬಸ್‌ಸ್ಟಾಪ್

ಕಾರ್ಕಳದವರೇ, ಪೇಪರ್ ಓದುವ ಗಂಡನ ಮಾತು ಸರಿಯಾಗಿ ಬಿತ್ತು. ಹಾಗಾದರೆ ‘ಸಕೀನಾಳ ಮುತ್ತು’ವಿನ ವಿಜಿ ನಿಮಗೆ ಹೇಗೆ ಕಂಡಳು? ನನಗೆ ಅವಳು ಪೂರ್ತಿ ಸಿಗಲಿಲ್ಲ. ವೆಂಕಟ್ ಅವಳನ್ನು ನೋಡುವುದೇ ಕಡಿಮೆ, ಹಾಗಾಗಿ ನಮಗೂ ಕಾಣಿಸುವುದಿಲ್ಲ. ಅದು ತಂತ್ರ ಅಂತ ಗೊತ್ತು. ಆದರೂ ಓದುಗನಾಗಿ ನನಗೆ ಒಂಚೂರು ಹಸಿವು ಉಳಿಯಿತು.

ಹಿನ್ನೀರು

ತಡವಾಗಿ ಬಂದೆ. ನಮ್ಮಲ್ಲಿ ಮಳೆ, ಕರೆಂಟಿಲ್ಲ. ಕರೆಂಟ್ ಹುಟ್ಟುವ ಊರಿನಲ್ಲೇ ಕರೆಂಟಿಲ್ಲ. ನಾನು ಹೇಳಬೇಕೆಂದಿದ್ದ ಕಾದಂಬರಿಗೂ ಇದಕ್ಕೂ ನೇರ ಸಂಬಂಧವಿದೆ.

ಗಜಾನನ ಶರ್ಮರ ‘ಪುನರ್ವಸು’. ಶರಾವತಿ ಮುಳುಗಡೆಯ ಕತೆ. ಹೊರಗಿನವರಿಗೆ ಲಿಂಗನಮಕ್ಕಿ ಮಾತ್ರ ಗೊತ್ತು. ಅದು ಮುಗಿದಿದ್ದು 1964ರಲ್ಲಿ. ಅದಕ್ಕೂ ಮೊದಲು, ನಲವತ್ತರ ದಶಕದಲ್ಲೇ, ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಜೋಗದ ವಿದ್ಯುತ್‌ಗಾರಕ್ಕೆ ನೀರು ಬೇಕಿತ್ತು. ಆಗ ಒಂದಷ್ಟು ಊರು ಮುಳುಗಿತು. ಆಮೇಲೆ ಲಿಂಗನಮಕ್ಕಿ ಬಂದಾಗ ಆ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿತು! ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಮಡೆನೂರಿನ ಹತ್ತಿರ ಅದು ಮೇಲೆ ಕಾಣುತ್ತದೆ. ಜನ ಕಾರು ಮಾಡಿಕೊಂಡು ನೋಡಲು ಬರುತ್ತಾರೆ, ಸೆಲ್ಫಿ ತೆಗೆದುಕೊಳ್ಳುತ್ತಾರೆ. ನಮ್ಮ ಅಜ್ಜ ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಈ ಕಾದಂಬರಿಯಲ್ಲಿ ನನಗೆ ಬಹಳ ಹಿಡಿಸಿದ್ದು ಏನೆಂದರೆ ಎಂಜಿನಿಯರುಗಳನ್ನು ಖಳರನ್ನಾಗಿ ಮಾಡಿಲ್ಲ. ಲೇಖಕರೇ ವಿದ್ಯುತ್ ಕ್ಷೇತ್ರದಲ್ಲಿ ಎಂಜಿನಿಯರ್ ಆಗಿದ್ದವರು. ಜೋಗದಲ್ಲಿ ಕರೆಂಟ್ ಹುಟ್ಟಿದಾಗ ಮೈಸೂರು ಸಂಸ್ಥಾನಕ್ಕೆ ಎಷ್ಟು ಹೆಮ್ಮೆ, ಆ ಕೆಲಸದಲ್ಲಿ ಎಷ್ಟು ಬುದ್ಧಿ, ಎಷ್ಟು ಶ್ರಮ ಇತ್ತು ಅನ್ನುವುದು ಅವರಿಗೆ ಗೊತ್ತು. ಆ ಹೆಮ್ಮೆಯ ಲೆಕ್ಕದಲ್ಲಿ ಮುಳುಗಿದ ಭಾರಂಗಿಯ ತೋಟ, ಗದ್ದೆ, ದೇವಸ್ಥಾನ, ಕೊಟ್ಟಿಗೆ ಯಾವುದೂ ಬರಲಿಲ್ಲ ಅನ್ನುವುದೂ ಗೊತ್ತು. ಎರಡೂ ನಿಜ. ಎರಡನ್ನೂ ಒಂದೇ ಪುಸ್ತಕದಲ್ಲಿ ಇಟ್ಟಿದ್ದಾರೆ. ಬರೀ ಕಣ್ಣೀರು ಹಾಕಿಸುವುದು ಸುಲಭ ಇತ್ತು.

ತೋಟ ಬಿಟ್ಟು ಹೋಗುವುದು ಅಂದರೆ ಪೇಟೆಯವರಿಗೆ ಮನೆ ಬದಲಿಸಿದ ಹಾಗೆ ಅನ್ನಿಸಬಹುದು. ಅಡಿಕೆ ಮರ ಸಸಿ ನೆಟ್ಟ ಮೇಲೆ ಫಲಕ್ಕೆ ಬರಲು ವರ್ಷಗಳು ಬೇಕು. ಅಜ್ಜ ನೆಟ್ಟಿದ್ದನ್ನು ಮೊಮ್ಮಗ ಕೊಯ್ಯುವ ಬೆಳೆ ಅದು. ಪರಿಹಾರದ ದುಡ್ಡು ತಗೊಂಡು ಶಿವಮೊಗ್ಗದ ಕಡೆ ಬಯಲಿಗೆ ಹೋದವರು ಅಲ್ಲಿ ಏನು ಮಾಡಬೇಕು? ಉಳಿದವರ ಪಾಡು ಇನ್ನೊಂದು ಥರ. ಹಿನ್ನೀರು ದಾಟಲು ಹೊಳೆಬಾಗಿಲಿನಲ್ಲಿ ಲಾಂಚ್‌ಗೆ ಕಾಯುವುದೇ ಬದುಕಾಯಿತು. ಆಸ್ಪತ್ರೆಗೆ ಹೋಗಬೇಕೆಂದರೂ ಲಾಂಚ್. ಸಿಗಂದೂರಿನ ಸೇತುವೆ ಆಗಿದ್ದು 2025ರ ಜುಲೈನಲ್ಲಿ. ಲೆಕ್ಕ ಹಾಕಿಕೊಳ್ಳಿ.

ಬನಶಂಕರಿ ಸರ್, ವಿವರ ಜಾಸ್ತಿ ಅನ್ನುವ ನಿಮ್ಮ ತಕರಾರು ಈ ಪುಸ್ತಕದ ಮೇಲೂ ಬರಬಹುದು. ಬರಲಿ. ನಮ್ಮ ಊರುಗಳು ನಕ್ಷೆಯಲ್ಲಿ ಇಲ್ಲ, ಎಲ್ಲಾದರೂ ಇರಬೇಕಲ್ಲ.

ತುಂಗಭದ್ರೆ ದಂಡೆ

ಹಿನ್ನೀರು ಅವರೇ, ನಮ್ಮದೂ ಅಣೆಕಟ್ಟಿನ ಊರೇ. ಡ್ಯಾಮು ತುಂಬಿದರೆ ಬಾಗಿನ ಬಿಡುವುದನ್ನು ಟೀವಿಯಲ್ಲಿ ನೋಡುತ್ತೇವೆ, ತಳದಲ್ಲಿ ಏನಿತ್ತು ಅಂತ ಕೇಳುವುದಿಲ್ಲ. ಪುಸ್ತಕ ಬರೆದುಕೊಂಡೆ.

ಎಂಎ ಕನ್ನಡ

ನಾನು ವಿದ್ಯಾರ್ಥಿನಿ. ಈ ಚರ್ಚೆ ನನಗೆ ಬಹಳ ಉಪಯೋಗ ಆಗ್ತಾ ಇದೆ. ಒಂದು ಪ್ರಶ್ನೆ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ಕನ್ನಡ ಕಾದಂಬರಿಗೂ ಹೊರಗೆ ಬೇಡಿಕೆ ಬಂದಿದೆ ಅಂತಾರೆ. ಅನುವಾದ ಆಗುತ್ತದೆ ಅಂತ ಲೇಖಕರು ಹಾಗೇ ಬರೆಯಲು ಶುರು ಮಾಡಿದ್ದಾರಾ?

ಕಾರ್ಕಳದವಳು

ಬಾನು ಮೇಡಂ ಅವರದು ಕತೆಗಳು, ಕಾದಂಬರಿ ಅಲ್ಲ. ಅವರು ಆ ಕತೆಗಳನ್ನು ದಶಕಗಳಿಂದ ಬರೆಯುತ್ತ ಬಂದವರು. ಬಹುಮಾನ ಕಣ್ಣ ಮುಂದೆ ಇಟ್ಟುಕೊಂಡು ಬರೆದಿದ್ದರೆ ಅಷ್ಟು ಕಾಯುತ್ತಿದ್ದರಾ? ದೀಪಾ ಭಾಸ್ತಿ ಅವರ ಅನುವಾದದಲ್ಲೂ ನಮ್ಮ ಮಾತುಗಳನ್ನು ಹಾಗೇ ಉಳಿಸಿಕೊಂಡಿದ್ದಾರೆ. ಶಾನಭಾಗರ ಪುಸ್ತಕ ಶ್ರೀನಾಥ ಪೆರೂರ್ ಅನುವಾದದಲ್ಲಿ ಅಮೆರಿಕದವರೆಗೆ ಹೋಗಿದ್ದೂ ಇದಕ್ಕಿಂತ ಎಷ್ಟೋ ಮೊದಲು. ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಮ್ಮ.

ಹಿಮದೂರು

ಅಮೆರಿಕದಿಂದ ನನ್ನದೊಂದು ಸೇರಿಸುತ್ತೇನೆ. ಗುರುಪ್ರಸಾದ ಕಾಗಿನೆಲೆ ಅವರ ‘ಹಿಜಾಬ್’. ಹೆಸರು ನೋಡಿ ಏನೇನೋ ಅಂದುಕೊಳ್ಳಬೇಡಿ. ನಮ್ಮ ಶಾಲಾ ಕಾಲೇಜುಗಳ ಗಲಾಟೆಗೂ ಇದಕ್ಕೂ ಸಂಬಂಧವಿಲ್ಲ, ಅದಕ್ಕಿಂತ ಮೊದಲೇ ಬಂದ ಪುಸ್ತಕ.

ಲೇಖಕರು ಮಿನೆಸೋಟಾದಲ್ಲಿ ಡಾಕ್ಟರು. ಕತೆಯೂ ಅಲ್ಲಿನದೇ, ಅಮೋಕಾ ಅನ್ನುವ ಕಲ್ಪನೆಯ ಸಣ್ಣ ಊರು. ಅಲ್ಲಿನ ಆಸ್ಪತ್ರೆಯಲ್ಲಿ ಬೆಂಗಳೂರಿನಿಂದ ಹೋದ ಡಾಕ್ಟರುಗಳಿದ್ದಾರೆ. ಸಣ್ಣ ಊರಿಗೆ ಯಾಕೆ ಹೋದರು ಅಂತ ಊರಿನಲ್ಲಿರುವವರಿಗೆ ಆಶ್ಚರ್ಯ ಆಗಬಹುದು. ಜೆ-ಒನ್ ವೀಸಾದಲ್ಲಿ ತರಬೇತಿಗೆ ಬಂದ ಡಾಕ್ಟರು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ವಾಪಸ್ ಹೋಗಬೇಕು ಅನ್ನುವುದು ಇಲ್ಲಿನ ನಿಯಮ. ತಪ್ಪಿಸಿಕೊಳ್ಳಬೇಕಾದರೆ ಡಾಕ್ಟರುಗಳ ಕೊರತೆ ಇರುವ ಕಡೆ ಮೂರು ವರ್ಷ ಕೆಲಸ ಮಾಡಬೇಕು. ಹಾಗಾಗಿ ಮೈಸೂರು, ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮಾಡಿದವರು ಆರು ತಿಂಗಳು ಹಿಮ ಬೀಳುವ ಊರುಗಳಲ್ಲಿ ಸಿಗುತ್ತಾರೆ. ಗ್ರೀನ್ ಕಾರ್ಡು ಬರುವವರೆಗೆ ಯಾರ ಜೊತೆಗೂ ಜಗಳ ಆಡುವ ಹಾಗಿಲ್ಲ. ಆಸ್ಪತ್ರೆ ಹೇಳಿದ್ದಕ್ಕೆ ಹೂಂ ಅನ್ನಬೇಕು.

ಅದೇ ಊರಿಗೆ ಆಫ್ರಿಕಾದಿಂದ ನಿರಾಶ್ರಿತರಾಗಿ ಬಂದ ಒಂದು ಸಮುದಾಯವೂ ಇದೆ. ಅವರ ಹೆಂಗಸರು ಸಿಸೇರಿಯನ್ ಹೆರಿಗೆ ಬೇಡ ಅನ್ನುತ್ತಾರೆ. ಡಾಕ್ಟರು ಜೀವ ಉಳಿಸಬೇಕು ಅನ್ನುತ್ತಾನೆ, ಅವರು ನಮ್ಮ ದೇಹ ನಮ್ಮ ದೇವರು ಅನ್ನುತ್ತಾರೆ. ಅಲ್ಲಿಂದ ಸುದ್ದಿ, ಕಾನೂನು, ರಾಜಕೀಯ ಎಲ್ಲ ಬರುತ್ತದೆ. ಇಲ್ಲಿನ ಬಿಳಿಯರ ಕಣ್ಣಿಗೆ ಡಾಕ್ಟರೂ ವಲಸಿಗ, ರೋಗಿಯೂ ವಲಸೆ ಬಂದವಳು. ಆದರೆ ನಮ್ಮ ಡಾಕ್ಟರುಗಳ ಮನಸ್ಸಿನಲ್ಲಿ ನಾವು ಬೇರೆ, ಅವರು ಬೇರೆ. ಇದನ್ನು ಓದಿ ನನಗೆ ಮುಜುಗರ ಆಯಿತು, ಯಾಕೆಂದರೆ ನಮ್ಮ ಕನ್ನಡ ಕೂಟದ ಪಾರ್ಟಿಗಳಲ್ಲಿ ಇದೇ ಮಾತನ್ನು ಪಲಾವ್ ತಿನ್ನುತ್ತ ಎಲ್ಲರೂ ಆಡುತ್ತೇವೆ. ನಾವು ಕಷ್ಟಪಟ್ಟು ಬಂದೆವು, ಅವರು ಸುಮ್ನೆ ಬಂದರು ಅಂತ.

ಕನ್ನಡದಲ್ಲಿ ಅಮೆರಿಕದ ಕತೆ ಅಂದರೆ ಮೊದಲೆಲ್ಲ ಊರಿನ ನೆನಪು, ಒಂಟಿ ಅಪ್ಪ ಅಮ್ಮ, ಮಕ್ಕಳು ಕನ್ನಡ ಮಾತಾಡಲ್ಲ, ಇಷ್ಟೇ ಇರುತ್ತಿತ್ತು. ಅದರಿಂದ ಹೊರಗೆ ಬಂದ ಪುಸ್ತಕ ಇದು. ವೈದ್ಯಕೀಯ ವಿವರ ಬೇಕಾದಷ್ಟಿದೆ, ಆದರೆ ಕೆಲಸ ಗೊತ್ತಿರುವವರು ಬರೆದಾಗ ಅದು ನೋಟ್ಸು ಅನ್ನಿಸುವುದಿಲ್ಲ.

ಬನಶಂಕರಿ ಬಸ್‌ಸ್ಟಾಪ್

ಈಗ ನನ್ನ ತಕರಾರನ್ನು ಸರಿಯಾಗಿ ಹೇಳಲು ಅನುಕೂಲವಾಯಿತು. ವಿವರ ಇರಬಾರದು ಅಂತ ನಾನು ಹೇಳುತ್ತಿಲ್ಲ. ‘ಘಾಚರ್ ಘೋಚರ್’ನಲ್ಲೂ ವಿವರ ಇದೆಯಲ್ಲ. ಅಪ್ಪನ ಲೆಕ್ಕ ತಾಳೆಯಾಗದ ರಾತ್ರಿ ಮನೆಮಂದಿಯೆಲ್ಲ ಕೂತು ಬಿಲ್ಲು ಹರವಿಕೊಂಡು ಹುಡುಕುತ್ತಾರೆ. ಆ ರಾತ್ರಿಯ ಆತಂಕ ಓದಿದರೆ ಸಾಕು, ಆ ಮನೆ ಯಾಕೆ ಹಾಗೆ ಒಬ್ಬರಿಗೊಬ್ಬರು ಅಂಟಿಕೊಂಡಿದೆ, ಮುಂದೆ ಹೊರಗಿನವರನ್ನು ಯಾಕೆ ಕಚ್ಚುತ್ತದೆ ಅಂತ ಗೊತ್ತಾಗುತ್ತದೆ. ಅಲ್ಲಿ ವಿವರ ಪಾತ್ರದ ಹೊಟ್ಟೆಯಿಂದ ಬರುತ್ತದೆ. ‘ಹಿಜಾಬ್’ ಬಗ್ಗೆ ಹಿಮದೂರು ಹೇಳಿದ್ದೂ ಅದೇ. ‘ತೇಜೋ-ತುಂಗಭದ್ರಾ’ದಲ್ಲಿ ಕೆಲವು ಕಡೆ ಪಾತ್ರಕ್ಕೆ ಬೇಕಿಲ್ಲದ ವಿವರವನ್ನು ನನಗಾಗಿ, ಓದುಗನಿಗಾಗಿ ಕೊಡುತ್ತಾರೆ. ಅಂಥ ಕಡೆ ಮಾತ್ರ ನನಗೆ ಕಿರಿಕಿರಿ. ಹಡಗಿನ ಅಧ್ಯಾಯಗಳಲ್ಲಿ ಹಾಗಾಗಿಲ್ಲ, ಅದನ್ನು ಒಪ್ಪುತ್ತೇನೆ.

ತುಂಗಭದ್ರೆ ದಂಡೆ

ಅರ್ಧ ಒಪ್ಪಿದಿರಿ. ಉಳಿದರ್ಧಕ್ಕೆ ಹಂಪಿಗೆ ಬನ್ನಿ, ಬಿಸಿಲಲ್ಲಿ ನಡೆಸಿ ಒಪ್ಪಿಸುತ್ತೇನೆ.

ಕಾರ್ಕಳದವಳು

ವಿಜಿ ಬಗ್ಗೆ ಕೇಳಿದ್ದಿರಿ, ಉತ್ತರ ಬಾಕಿ ಇತ್ತು. ನಿಮಗೆ ಅವಳು ಸಿಗಲಿಲ್ಲ ಅಂದಿರಿ. ನನಗೆ ಅವಳು ಸಿಕ್ಕಿದ್ದು ಅವಳ ಸುಸ್ತಿನಲ್ಲಿ. ವೆಂಕಟ್ ಏನೋ ವಾದ ತೆಗೆಯುತ್ತಾನೆ, ಅವಳು ಒಂದು ಹಂತದ ಮೇಲೆ ಮಾತು ಬೆಳೆಸುವುದಿಲ್ಲ. ಅವನು ಅದನ್ನು ತಾನು ಗೆದ್ದೆ ಅಂದುಕೊಳ್ಳುತ್ತಾನೆ, ಇಲ್ಲವೇ ಇವಳಿಗೆ ಏನೋ ಕೋಪ ಅಂದುಕೊಳ್ಳುತ್ತಾನೆ. ವರ್ಷಗಟ್ಟಲೆ ಒಂದೇ ಮಾತನ್ನು ಹೇಳಿ ಹೇಳಿ ನಿಲ್ಲಿಸಿದವಳು ಹಾಗಿರುತ್ತಾಳೆ. ಮಗಳು ರೇಖಾ ಇನ್ನೂ ವಾದ ಮಾಡುವ ವಯಸ್ಸಿನಲ್ಲಿದ್ದಾಳೆ, ಅದಕ್ಕೇ ಅವಳು ಪುಸ್ತಕದಲ್ಲಿ ಜೋರಾಗಿ ಕೇಳಿಸುತ್ತಾಳೆ. ಆದರೂ ಒಂದು ಆಸೆ ಇದೆ. ಇದೇ ಕತೆಯನ್ನು ವಿಜಿ ಹೇಳಿದ್ದರೆ? ಇಂಥ ಗಂಡಸರ ಮನಸ್ಸನ್ನು ಗಂಡಸರೇ ಬಿಚ್ಚಿ ತೋರಿಸುವುದು ಬೇಕು, ಸರಿ. ಎಷ್ಟು ದಿನ ಹೆಂಡತಿಯರ ಮೌನವನ್ನೇ ಓದುತ್ತ ಕೂರೋಣ?

ಎಂಎ ಕನ್ನಡ

ಮೇಡಂ, ಇದನ್ನು ಪರೀಕ್ಷೆಯಲ್ಲಿ ಬರೀಬಹುದಾ?

ಕಾರ್ಕಳದವಳು

ಇದನ್ನು ಬರೆಯಮ್ಮ. ನಿನ್ನ ಮಾತಿನಲ್ಲಿ ಬರೆ.

ನಿದ್ದೆಗೆಟ್ಟವ

ತಮಾಷೆ ಸಾಕು, ನಂದೂ ಒಂದಿದೆ. ಕರಣಂ ಪವನ್ ಪ್ರಸಾದ್ ಅವರ ‘ಕರ್ಮ’. ಅಪ್ಪ ತೀರಿಕೊಂಡ ಸುದ್ದಿ ಬಂದು ಬೆಂಗಳೂರಿನಿಂದ ಊರಿಗೆ ಹೋದ ಮಗ, ಅಪರಕರ್ಮದ ದಿನಗಳು, ಅಷ್ಟೇ. ಅವನಿಗೆ ಇದ್ಯಾವುದರಲ್ಲೂ ನಂಬಿಕೆ ಇಲ್ಲ. ಮಾಡದೆ ಇರಲೂ ಆಗುವುದಿಲ್ಲ. ನಮ್ಮ ಮನೆಯಲ್ಲೂ ಇಂಥದ್ದೊಂದು ಆದ ಮೇಲೆ ಓದಿದೆ. ಪಿಂಡ ಇಟ್ಟು ಕಾಗೆಗೆ ಕಾಯುವಾಗ ನಂಬದವನೂ ಒಳಗೊಳಗೇ ಬಾರೋ ಮಾರಾಯ ಅಂತ ಕರೆಯುತ್ತಿರುತ್ತಾನೆ. ಆ ಇಬ್ಬಂದಿಯೇ ಇಡೀ ಪುಸ್ತಕದಲ್ಲಿದೆ. ತೀರಾ ಈಚೆಗೆ ಸಾವು ಕಂಡವರು ಸ್ವಲ್ಪ ಬಿಟ್ಟು ಓದಿ. ನಾನು ಬೇಗ ಓದಿದೆ, ನಿದ್ದೆಗೆಟ್ಟೆ.

ಹಳೇ ಓದುಗ

‘ಸ್ವಾತಂತ್ರ್ಯದ ಓಟ’ ಲೈಬ್ರರಿಯಿಂದ ತಂದೆ. ಇನ್ನೂರು ಪುಟ ಆಯಿತು. ಮುತ್ತುಪ್ಪಾಡಿಯ ಜನ ಮಾತಾಡುವ ರೀತಿ ಚೆನ್ನಾಗಿದೆ. ದೇಶದ ದೊಡ್ಡ ದೊಡ್ಡ ಘಟನೆಗಳನ್ನು ಹಳ್ಳಿಯ ಹೋಟೆಲಿನ ಬೆಂಚಿನ ಮೇಲೆ ಕೂರಿಸಿಬಿಟ್ಟಿದ್ದಾರೆ. ಉಳಿದಿದ್ದು ಓದಿ ಹೇಳುತ್ತೇನೆ. ಕಾರ್ಕಳದ ಮೇಡಂ, ಇದು ಊಟವೇ. ಕೈ ನೋಯುತ್ತಿದೆ ಅಷ್ಟೆ.

ಹಿನ್ನೀರು

ಲೈಬ್ರರಿ ಇರುವವರು ಪುಣ್ಯವಂತರು. ನಮ್ಮಲ್ಲಿ ಪುಸ್ತಕ ಬೇಕೆಂದರೆ ಸಾಗರಕ್ಕೆ ಹೋಗಬೇಕು, ಇಲ್ಲವೇ ಅಂಚೆಯಲ್ಲಿ ತರಿಸಬೇಕು. ಹೋದ ಮಳೆಗಾಲ ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದ್ದು ಪೂರ್ತಿ ಒದ್ದೆಯಾಗಿ ಬಂತು, ಪುಟಗಳು ಹಪ್ಪಳ. ಈಗ ಮೈಲ್ಯಾಂಗ್ ಆ್ಯಪಿನಲ್ಲಿ ಇ-ಪುಸ್ತಕ ಓದುತ್ತೇನೆ. ಅಲ್ಲಿ ಕೆಲವು ಪುಸ್ತಕ ಕೇಳಲೂ ಸಿಗುತ್ತವೆ. ಅಡಿಕೆ ಸುಲಿಯುವಾಗ ಕಿವಿಗೆ ಹಾಕಿಕೊಂಡರೆ ಆಯಿತು, ಕೈ ನೋಯುವ ಪ್ರಶ್ನೆ ಬೇರೆ.

ಹಿಮದೂರು

ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ. ವಾಪಸ್ ಬರುವಾಗ ಸೂಟ್‌ಕೇಸಿನಲ್ಲಿ ಸಾಂಬಾರ್ ಪುಡಿ, ಹಪ್ಪಳ ಎಲ್ಲ ಆದ ಮೇಲೆ ಮೂರು ನಾಲ್ಕು ಪುಸ್ತಕಕ್ಕೆ ಜಾಗ ಉಳಿಯಬಹುದು. ಈ ಪಟ್ಟಿಯಲ್ಲಿ ಯಾವುದು ತರಲಿ?

ಬನಶಂಕರಿ ಬಸ್‌ಸ್ಟಾಪ್

‘ಪುನರ್ವಸು’, ‘ಸಕೀನಾಳ ಮುತ್ತು’, ‘ಸ್ವಪ್ನ ಸಾರಸ್ವತ’. ಮೊದಲನೆಯದನ್ನು ನಾನೂ ಈ ವಾರ ತಗೊಳ್ಳುತ್ತಿದ್ದೇನೆ.

ತುಂಗಭದ್ರೆ ದಂಡೆ

‘ತೇಜೋ-ತುಂಗಭದ್ರಾ’ ಬಿಟ್ಟಿದ್ದು ಬೇಕಂತಲೇ ಅಲ್ವಾ ಸರ್?

ಕಾರ್ಕಳದವಳು

ಹಪ್ಪಳ ಕಡಿಮೆ ಮಾಡಿ, ನಾಲ್ಕೂ ತಗೊಳ್ಳಿ. ‘ಸ್ವಾತಂತ್ರ್ಯದ ಓಟ’ವನ್ನೂ ತಗೊಂಡರೆ ಅದನ್ನು ಮಾತ್ರ ಕೈಚೀಲದಲ್ಲಿ ಇಟ್ಟುಕೊಳ್ಳಿ, ಸೂಟ್‌ಕೇಸಿಗೆ ಹಾಕಿದರೆ ತೂಕಕ್ಕೆ ದಂಡ ಕಟ್ಟಬೇಕಾಗುತ್ತದೆ.